ಯಜಮಾನರನ್ನು ತಲುಪಲಾಗುತ್ತಿಲ್ಲ

ಲಿನಕ್ಸಪ್ಪನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ. ಆ ಹೆಸರು ಈಗ ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಉಳಿದಿದೆ. ನೀರು ಸರಬರಾಜು ಕಚೇರಿಯ ಸ್ಟೋರ್ ರೂಮಿನಲ್ಲಿ ಪೈಪು, ವಾಲ್ವು, ವಾಷರುಗಳನ್ನು ಕಾಯುವ ಗುಮಾಸ್ತನಾಗಿದ್ದ ಈ ಮನುಷ್ಯ ಒಂದು ಭಾನುವಾರ ಯಾವುದೋ ಪುಕ್ಕಟೆ ಕಂಪ್ಯೂಟರ್ ಶಿಬಿರಕ್ಕೆ ಹೋದ. ಹೋದದ್ದು ಅಲ್ಲಿ ಊಟ ಇದೆ ಅಂತ. ಸಂಜೆ ತಿರುಗಿ ಬಂದದ್ದು ಮಾತ್ರ ಎದೆಯ ಮೇಲೆ ಪೆಂಗ್ವಿನ್ ಹಕ್ಕಿಯ ಚಿತ್ರ ಅಂಟಿಸಿಕೊಂಡು, ಕಣ್ಣಲ್ಲಿ ಒಂದು ಥರದ ಹೊಳಪು ಹೊತ್ತುಕೊಂಡು. ಬಂದವನೇ, ಮನೆಯ ಮೂಲೆಯಲ್ಲಿ ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ನಡೆದುಕೊಂಡಿದ್ದ ಕಂಪ್ಯೂಟರನ್ನು ಪೂರ್ತಿ ಒರೆಸಿ ಅದಕ್ಕೆ ಆ ಪೆಂಗ್ವಿನ್ ಗುರುತಿನ ಲಿನಕ್ಸ್ ಅನ್ನುವ ಪುಕ್ಕಟೆ ಸಿಸ್ಟಮ್ ಹಾಕಿದ. ಒರೆಸುವ ಭರದಲ್ಲಿ ಮದುವೆಯ ಫೋಟೋಗಳೂ ಒರೆಸಿಹೋದವು.

"ಹಳೇದೆಲ್ಲ ಹೋದ್ರೇನೇ ಹೊಸದು ಶುದ್ಧವಾಗಿ ಕೂರೋದು" ಅಂತ ಹೆಂಡತಿಗೆ ಸಮಾಧಾನ ಹೇಳಿದ.

"ನಾನೂ ಅದನ್ನೇ ಯೋಚ್ನೆ ಮಾಡ್ತಿದೀನಿ" ಅಂದಳು ಹೆಂಡತಿ, ಅವನನ್ನೇ ನೋಡುತ್ತಾ.

ಅಲ್ಲಿಂದಾಚೆ ಲಿಫ್ಟಿನಲ್ಲಿ, ಗೇಟಿನಲ್ಲಿ, ಹಾಲಿನ ಅಂಗಡಿಯ ಮುಂದೆ, ಯಾರೇ ಸಿಕ್ಕಲಿ, ಅವನದು ಒಂದೇ ಪ್ರಶ್ನೆ. "ನೀವಿನ್ನೂ ಆ ಹಳೇ ಸಿಸ್ಟಮ್ಮಲ್ಲೇ ಇದೀರಾ? ಅಯ್ಯೋ ಪಾಪ." ಅವನು ಲಿಫ್ಟಿನಲ್ಲಿ ಕಂಡರೆ ಜನ ಮೆಟ್ಟಿಲು ಹತ್ತತೊಡಗಿದರು. ಆ ಕಟ್ಟಡದವರ ಆರೋಗ್ಯ ಸುಧಾರಿಸಿದ್ದೇ ಹಾಗೆ.

ಇಷ್ಟಕ್ಕೇ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಲಿನಕ್ಸಿನ ಇಂಗ್ಲಿಷ್ ಸಂದೇಶಗಳನ್ನು ಕನ್ನಡಕ್ಕೆ ತರುವ ಸ್ವಯಂಸೇವಕರ ಗುಂಪೊಂದಿತ್ತು. ಲಿನಕ್ಸಪ್ಪ ಅದಕ್ಕೂ ಸೇರಿದ. ನೆಟ್‌ವರ್ಕ್ ಭಾಗವನ್ನು ಯಾರೂ ಮೂಸಿ ನೋಡುತ್ತಿರಲಿಲ್ಲವಾದ್ದರಿಂದ ಅದು ಇವನ ಪಾಲಿಗೆ ಬಂತು. ವೈರಿನ ನೆಟ್ ಸಂಪರ್ಕಕ್ಕೆ ಇಂಗ್ಲಿಷಿನಲ್ಲಿದ್ದ "ವೈರ್ಡ್" ಅನ್ನುವುದನ್ನು ಅವನು "ತಂತಿ" ಮಾಡಿದ. ನೆಟ್ಟಿನ ಆ ತುದಿಯ ಕಂಪ್ಯೂಟರಿಗೆ "ಹೋಸ್ಟ್" ಅನ್ನುತ್ತಾರೆ, ಅಂದರೆ ಬಂದವರನ್ನು ವಿಚಾರಿಸಿಕೊಳ್ಳುವವನು. ಮನೆಗೆ ಬಂದವರನ್ನು ವಿಚಾರಿಸಿಕೊಳ್ಳುವವನು ಯಾರು? ಯಜಮಾನ. ಏಕವಚನ ಒರಟಾಯಿತು ಅನ್ನಿಸಿ "ಯಜಮಾನರು" ಅಂತ ತಿದ್ದಿದ. ಗುಂಪಿನಲ್ಲಿದ್ದ ಒಬ್ಬಾಕೆ, "ಓದಿದವರು ಬೇರೆ ಏನಾದ್ರೂ ಅಂದ್ಕೊಂಡ್ರೆ?" ಅಂತ ಕೇಳಿದಳು. ಅದಕ್ಕೆ ಇವನು ಎಷ್ಟು ಉದ್ದದ ಉತ್ತರ ಬರೆದನೆಂದರೆ ಆಕೆ ಗುಂಪನ್ನೇ ಬಿಟ್ಟಳು. ಹೀಗೆ ಅನುವಾದ ಸರ್ವಾನುಮತದಿಂದ ಅಂಗೀಕಾರವಾಯಿತು.

ಆ ದಿನ ಮಧ್ಯಾಹ್ನ ಮೂರು ಗಂಟೆಗೆ ಹೆಂಡತಿಗೆ ಇಂಟರ್ವ್ಯೂ ಇತ್ತು. ನರ್ಸಿಂಗ್ ಕಾಲೇಜಿನ ಹಾಸ್ಟೆಲ್ಲಿಗೆ ವಾರ್ಡನ್ ಕೆಲಸ. ಅಲ್ಲಿ ಸ್ವಲ್ಪ ದಿನ, ಇಲ್ಲಿ ಸ್ವಲ್ಪ ದಿನ ಅಂತ ತಾತ್ಕಾಲಿಕವಾಗಿ ದುಡಿದೂ ದುಡಿದೂ ಸೋತಿದ್ದವಳಿಗೆ ಮೊದಲ ಸಲ ಒಂದು ಕಾಯಂ ಕೆಲಸ ಕೈಗೆಟುಕುವ ದೂರಕ್ಕೆ ಬಂದಿತ್ತು. ಇಂಟರ್ವ್ಯೂಗೆ ಕಂಪ್ಯೂಟರಿನಿಂದಲೇ ಸೇರಬೇಕು, ಮೊಬೈಲಿನಲ್ಲಿ ಬಂದವರನ್ನು ಮಾತಾಡಿಸುವುದಿಲ್ಲ ಅಂತ ಮೊದಲೇ ತಿಳಿಸಿದ್ದರು. ಊಟ ಮುಗಿಸಿ ಬಂದು ನೋಡಿದರೆ ನೆಟ್ ಇಲ್ಲ.

"ಕೆಳಗಡೆ ಸೆಕ್ರೆಟರಿ ಮನೇಲಿ ಕೂತು ಮುಗಿಸ್ಕೊಂಡು ಬರ್ತೀನಿ ಕಣ್ರೀ" ಅಂದಳು.

ಸೆಕ್ರೆಟರಿ ಅಂದರೆ ಆ ಕಟ್ಟಡದ ಸಂಘದ ಕಾರ್ಯದರ್ಶಿ. ಹಿಂದಿನ ಸಭೆಯಲ್ಲಿ ಎಲ್ಲರೆದುರು, "ಪೆಂಗ್ವಿನ್ ಹಕ್ಕಿ ಹಾರಲ್ಲ ಅಲ್ವಾ ಸಾರ್?" ಅಂತ ಕೇಳಿ ಲಿನಕ್ಸಪ್ಪನ ಹೊಟ್ಟೆ ಉರಿಸಿದ್ದ ಆಸಾಮಿ. ಅವನ ಮನೆಗೆ ಹೆಂಡತಿ ನೆಟ್ ಬೇಡಿಕೊಂಡು ಹೋಗುವುದಕ್ಕಿಂತ ತಾನು ಅರ್ಧ ಮೀಸೆ ಬೋಳಿಸಿಕೊಂಡು ಕಚೇರಿಗೆ ಹೋಗುವುದು ಮೇಲು ಅಂತ ಲಿನಕ್ಸಪ್ಪನಿಗೆ ಅನ್ನಿಸಿತು.

"ಆ ಮನೆ ಹೊಸ್ತಿಲು ತುಳಿದ್ರೆ ನೋಡು! ಬೇರೆ ಸಿಸ್ಟಮ್ ಆಗಿದ್ರೆ ಮೂಗನ ಥರ ಕೂತಿರ್ತಿತ್ತು. ನಮ್ಮದು ಹಾಗಲ್ಲ. ಎಲ್ಲಿ ನೋವು ಅಂತ ಬಾಯಿಬಿಟ್ಟು ಹೇಳುತ್ತೆ. ಅದೂ ಕನ್ನಡದಲ್ಲಿ."

ಕುರ್ಚಿ ಎಳೆದುಕೊಂಡು ಕೂತು, ಕಪ್ಪು ಕಿಟಕಿಯೊಂದನ್ನು ತೆರೆದು ಪಿಂಗ್ ಅಂತ ಬರೆದು ಒತ್ತಿದ. ಪಿಂಗ್ ಅಂದರೆ ಇನ್ನೇನಲ್ಲ, ದೂರದ ಒಂದು ಕಂಪ್ಯೂಟರನ್ನು "ಇದೀರಾ?" ಅಂತ ಕೂಗಿ ಕೇಳುವುದು. ಅದು "ಇದೀನಿ" ಅಂದರೆ ನೆಟ್ ಇದೆ ಅಂತ ಅರ್ಥ. ಪರದೆಯ ಮೇಲೆ ಉತ್ತರ ಮೂಡಿತು.

*ಬದುಕುವ ಅವಧಿ ಮೀರಿದೆ.*

"ಅಯ್ಯೋ, ಯಾರದ್ರೀ?"

"ಪೊಟ್ಟಣದ್ದು ಕಣೇ. ನಾವು ಕಳಿಸಿದ ಮಾಹಿತಿ ಪೊಟ್ಟಣ ದಾರಿ ತಪ್ಪಿ, ಸುತ್ತಿ ಸುತ್ತಿ ಸುಸ್ತಾಗಿ ಸತ್ತೋಯ್ತು ಅಂತ."

ಇನ್ನೊಮ್ಮೆ ಒತ್ತಿದ. *ಯಜಮಾನರನ್ನು ತಲುಪಲಾಗುತ್ತಿಲ್ಲ.*

"ನೀವು ಇಲ್ಲೇ ಕೂತಿದೀರಲ್ಲ!"

"ನಾನಲ್ಲ! ಆ ಕಡೆ ಯಜಮಾನರು!"

*ನಷ್ಟ: ನೂರಕ್ಕೆ ನೂರು* ಅಂತ ಕೆಳಗೆ ಲೆಕ್ಕ ಬಂತು.

"ಇದೊಂದು ಅರ್ಥ ಆಯ್ತು" ಅಂದಳು ಹೆಂಡತಿ.

ಲಿನಕ್ಸಪ್ಪ ನೆಟ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬಳು ಹುಡುಗಿ ಸಿಕ್ಕಳು.

"ಎಡಗಡೆ ಕೆಳಗಿರೋ ಸ್ಟಾರ್ಟ್ ಬಟನ್ ಒತ್ತಿ ಸಾರ್."

"ನಮ್ಮದ್ರಲ್ಲಿ ಸ್ಟಾರ್ಟ್ ಬಟನ್ ಇಲ್ಲ."

"ಮತ್ತೆ ಕಂಪ್ಯೂಟರ್ ಸ್ಟಾರ್ಟ್ ಹೇಗಾಯ್ತು ಸಾರ್?"

"ನೋಡಮ್ಮಾ, ನಂದು ಲಿನಕ್ಸು."

"ಸರಿ ಲಿನಕ್ಸ್ ಸಾರ್, ಮನೇಲಿ ಬೇರೆ ಯಾರಾದ್ರೂ ಇದ್ರೆ ಅವರಿಗೆ ಫೋನ್ ಕೊಡಿ."

ಫೋನನ್ನು ಕೀಬೋರ್ಡಿನ ಹಿಂದೆ ಎಸೆದು ಲಿನಕ್ಸಪ್ಪ ತನ್ನ ಮೂಲ ವಿದ್ಯೆಗೆ ಮರಳಿದ. ನೀರಿನ ಕಚೇರಿಯವನಿಗೆ ವೈರು ಕೂಡ ಒಂದು ಸಣ್ಣ ಪೈಪೇ. ಕಟ್ಟಿಕೊಂಡಿದ್ದರೆ ಒದರಬೇಕು. ನೆಟ್ಟಿನ ವೈರನ್ನು ಹಿಡಿದು ಬುಡದಿಂದ ಒದರಿದ, ಬಾಗಿಸಿದ, ಒಂದು ಸಲ ಊದಿಯೂ ನೋಡಿದ. ಅಷ್ಟು ಹೊತ್ತೂ ಮಿಣುಕುತ್ತಿದ್ದ ಹಸಿರು ದೀಪ ಆರಿಹೋಯಿತು. ಪರದೆಯ ಮೇಲೆ ದಪ್ಪಕ್ಷರದಲ್ಲಿ *ಹೊರುವವರಿಲ್ಲ* ಅಂತ ಬಂತು. ಇಂಗ್ಲಿಷಿನಲ್ಲಿ "ನೋ ಕ್ಯಾರಿಯರ್" ಅಂತಿದ್ದದ್ದಕ್ಕೆ ಅವನು ಒಂದು ವಾರ ತಲೆ ಕೆಡಿಸಿಕೊಂಡು ಹೊಸೆದ ಮಾತು ಅದು.

"ಗೊತ್ತಾಯ್ತು! ಒಳಗೇನೂ ತೊಂದ್ರೆ ಇಲ್ಲ. ಮೇಲೆ, ಟೆರೇಸಿನ ಪೆಟ್ಟಿಗೇಲಿದೆ. ಪಿಂಗ್ ಓಡ್ತಾ ಇರ್ಲಿ, ಯಾರೂ ಮುಟ್ಬೇಡಿ" ಅಂದವನೇ ಒಂದು ಸುರುಳಿ ವೈರನ್ನು ಹಾರದ ಹಾಗೆ ಕುತ್ತಿಗೆಗೆ ಹಾಕಿಕೊಂಡು ಮೆಟ್ಟಿಲೇರಿದ.

ಹೆಂಡತಿ ಗಡಿಯಾರ ನೋಡಿದಳು. ಸೆರಗು ಸರಿಮಾಡಿಕೊಂಡು, ಚಪ್ಪಲಿಯ ಸದ್ದೂ ಆಗದ ಹಾಗೆ ಸೆಕ್ರೆಟರಿಯ ಮನೆಗೆ ಇಳಿದುಹೋದಳು.

ಆಗ ಒಳಕೋಣೆಯಲ್ಲಿ ನಿದ್ದೆ ಮುಗಿಸಿ ಎದ್ದರು ಲಿನಕ್ಸಪ್ಪನ ಅತ್ತೆ. ಮಗಳ ಇಂಟರ್ವ್ಯೂಗೆ ಧೈರ್ಯ ತುಂಬಲು ಅಂತ ಬಂದು ಉಳಿದುಕೊಂಡಿದ್ದರು. ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಗಟ್ಟಿಯಾಗಿ ಓದುವುದು ಅವರ ಅಭ್ಯಾಸ. ಬಸ್ಸಿನ ಬೋರ್ಡು, ಔಷಧಿಯ ಬಾಟಲಿ, ಸಾಬೂನಿನ ಹೊದಿಕೆ, ಯಾವುದನ್ನೂ ಬಿಡುತ್ತಿರಲಿಲ್ಲ. ಮನೆಯಲ್ಲಿ ಯಾರೂ ಕಾಣದೆ, ಕಂಪ್ಯೂಟರ್ ಮಾತ್ರ ಬೆಳಗುತ್ತಿದ್ದದ್ದು ಕಂಡು ಕನ್ನಡಕ ಏರಿಸಿ ಓದಿದರು.

"ತಂತಿ ಒಂದು. ಬದುಕುವ ಅವಧಿ ಮೀರಿದೆ. ಯಜಮಾನರನ್ನು ತಲುಪಲಾಗುತ್ತಿಲ್ಲ. ನಷ್ಟ, ನೂರಕ್ಕೆ ನೂರು. ಹೊರುವವರಿಲ್ಲ..."

ಕೊನೆಯ ಅಕ್ಷರ ಕಿರುಚಾಟವಾಗಿ ಮೂರು ಮಹಡಿ ಇಳಿಯಿತು.

ಮೊದಲು ಓಡಿಬಂದವರು ಎದುರು ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು. ತಂತಿ ಕಳಿಸುವ ಪದ್ಧತಿ ನಿಂತುಹೋದಂದಿನಿಂದ ಈ ಪ್ರಪಂಚದಲ್ಲಿ ಯಾರೂ ಅವರನ್ನು ಏನೂ ಕೇಳಿರಲಿಲ್ಲ.

"ಮಾಸ್ಟ್ರೇ, ತಂತಿ ಬಂದಿದೆ! ಕಂಪ್ಯೂಟರಿಗೇ ಬಂದಿದೆ!"

ಪೋಸ್ಟ್‌ಮಾಸ್ಟರು ಕುರ್ಚಿಯಲ್ಲಿ ಕೂತರು. ಬೆನ್ನು ತಾನಾಗೇ ನೆಟ್ಟಗಾಯಿತು. ಎರಡು ಸಲ ಓದಿ ಕನ್ನಡಕ ತೆಗೆದರು.

"ಭಾಷೆ ನೋಡಿ ಅಮ್ಮಾ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ತಂತಿ ಬರೆಯೋ ಕೈ ಪಳಗಿದವರು ಯಾರೋ ಬರೆದಿದಾರೆ."

"ಅಳಿಯಂದ್ರು ಊಟ ಮಾಡಿ ಇಲ್ಲೇ ಓಡಾಡ್ತಿದ್ರಲ್ಲ ಮಾಸ್ಟ್ರೇ!"

"ಎಲ್ಲರೂ ಓಡಾಡ್ತಿರೋವಾಗ್ಲೇ ಹೋಗೋದು ಅಮ್ಮಾ."

"ಈ ಹೊರುವವರಿಲ್ಲ ಅಂದ್ರೆ?"

"ಅಲ್ಲಿ ಜನ ಸಾಲದು, ನಾಲ್ಕು ಜನ ಗಟ್ಟಿ ಆಳುಗಳನ್ನ ಕಳಿಸಿ ಅಂತ."

ಅಷ್ಟರಲ್ಲಿ ಪರದೆಯ ಮೇಲೆ ಇನ್ನೊಂದು ಸಾಲು ಬಂತು. *ಯಜಮಾನರನ್ನು ತಲುಪಲಾಗುತ್ತಿಲ್ಲ.* ಅದರ ಹಿಂದೆಯೇ ಮತ್ತೊಂದು. ಮತ್ತೊಂದು.

"ಅರ್ಜೆಂಟ್ ತಂತಿ" ಅಂದರು ಪೋಸ್ಟ್‌ಮಾಸ್ಟರು, ಗೌರವದಿಂದ.

ಮೇಲಿನ ಮನೆಯ ಆಂಟಿ ಬಂದವಳು ಸ್ವಲ್ಪ ಬುದ್ಧಿವಂತೆ. "ಅವರ ಮೊಬೈಲಿಗೆ ಒಂದ್ಸಲ ಮಾಡಿ ನೋಡ್ಬಾರ್ದಾ?" ಅಂದಳು. ಮಾಡಿದರು. ಕೀಬೋರ್ಡಿನ ಹಿಂದೆ ಗುರ್ ಅಂತ ಸದ್ದಾಯಿತು.

"ಫೋನೂ ಬಿಟ್ಟು ಹೋಗಿದಾರೆ!" ಅಂತ ಅತ್ತೆ ಮತ್ತೆ ಅತ್ತರು.

"ಅಲ್ಲಿಗೆ ಏನನ್ನೂ ತಗೊಂಡು ಹೋಗೋಕಾಗಲ್ಲ ಅಮ್ಮಾ" ಅಂದರು ಪೋಸ್ಟ್‌ಮಾಸ್ಟರು.

ಆಂಟಿಯ ಬುದ್ಧಿ ಇನ್ನೂ ಪೂರ್ತಿ ಮುಗಿದಿರಲಿಲ್ಲ. "ಆದ್ರೂ, ಸುದ್ದಿ ನಿಜಾನೋ ಸುಳ್ಳೋ..."

ಅಷ್ಟರಲ್ಲಿ ಕೋಣೆಯಲ್ಲಿ ಸೇರಿದ್ದ ಅಕ್ಕಪಕ್ಕದವರೆಲ್ಲ ಅವಳ ಕಡೆ ಹೇಗೆ ತಿರುಗಿದರೆಂದರೆ, ಪಾಪದವಳು ಒಂದು ಹೆಜ್ಜೆ ಹಿಂದಕ್ಕೆ ಸರಿದಳು.

"ಬಾಯಿಮಾತಲ್ಲಿ ಬಂದಿದ್ರೆ ಸುಳ್ಳು ಅನ್ಬಹುದಿತ್ತಮ್ಮಾ. ಕಂಪ್ಯೂಟರಲ್ಲಿ ಬಂದಿದೆ!" ಅಂದರು ಪೋಸ್ಟ್‌ಮಾಸ್ಟರು.

ಆಂಟಿಯೂ ಕಣ್ಣೊರೆಸಿಕೊಂಡಳು.

ಲಿನಕ್ಸಪ್ಪನ ಫೋನಿನಿಂದಲೇ ಪೋಸ್ಟ್‌ಮಾಸ್ಟರು ಅವನ ಕಚೇರಿಯ ಸೂಪರಿಂಟೆಂಡೆಂಟರಿಗೆ ವಿಷಯ ಮುಟ್ಟಿಸಿದರು.

"ಛೆ ಛೆ ಛೆ! ಎಂಥಾ ಮನುಷ್ಯ! ನಮ್ಮ ಇಲಾಖೆಗೆ ತುಂಬಲಾರದ ನಷ್ಟ ಸಾರ್" ಅಂತು ಆ ಕಡೆಯ ದನಿ. ಒಂದು ಉಸಿರಿನಷ್ಟು ಮೌನವನ್ನೂ ಆಚರಿಸಿತು. "ಅಂದ ಹಾಗೆ, ಸ್ಟೋರ್ ರೂಮ್ ಬೀಗದಕೈ ಮನೇಲೇ ಇದೆಯಾ ಸ್ವಲ್ಪ ನೋಡ್ತೀರಾ? ಅವಸರ ಏನಿಲ್ಲ. ಈಗ್ಲೇ ಒಬ್ಬನ್ನ ಕಳಿಸ್ತೀನಿ."

ಸೆಕ್ರೆಟರಿ ಬಂದದ್ದು ಆಗ. ವಿಷಯ ಕೇಳಿ ಅವನ ಮುಖ ನಿಜವಾಗಿಯೂ ಬಾಡಿತು. ಜಗಳವಾಡಲು ಇಡೀ ಕಟ್ಟಡದಲ್ಲಿ ಅವನಿಗೆ ಇದ್ದವನು ಇವನೊಬ್ಬನೇ. ಪರದೆ ಓದಿ, "ನೂರಕ್ಕೆ ನೂರು ಅಂತ ಬರೆದಿದಾರಲ್ಲ, ಅದು ಸ್ವಲ್ಪ ಹೆಚ್ಚಾಯ್ತು. ಒಂದು ಅರವತ್ತು ಅಂದಿದ್ರೆ ಒಪ್ಕೊಳ್ತಿದ್ದೆ" ಅಂದ. ಆಮೇಲೆ ತಲೆ ಮೇಲೆ ಕೈ ಹೊತ್ತ. "ಅಯ್ಯೋ, ಅವರ ಹೆಂಡತಿ ನಮ್ಮನೇಲೇ ಕೂತಿದಾರೆ! ಇಂಟರ್ವ್ಯೂ ಶುರುವಾಗಿದೆ! ಹೋಗಿ ಹೇಳ್ಲಾ?"

ಅತ್ತೆಯ ಅಳು ಥಟ್ಟನೆ ನಿಂತಿತು.

"ಹೇಳಿದ್ರೆ ನೋಡಿ! ಗಂಡ ಅಂತೂ ಹೋದ. ಕೆಲಸಾನೂ ಹೋಗ್ಬೇಕಾ? ಇಂಟರ್ವ್ಯೂ ಮುಗೀಲಿ, ಆಮೇಲೆ ಬೇಕಾದಷ್ಟು ಅತ್ಕೊಳ್ಳಲಿ. ಅಲ್ಲೀವರೆಗೆ ಯಾರೂ ದನಿ ಎತ್ಬೇಡಿ."

ಈ ಮಾತಿನ ವಿವೇಕಕ್ಕೆ ಎಲ್ಲರೂ ತಲೆದೂಗಿದರು. ಆಮೇಲೆ ಅಲ್ಲಿ ನಡೆದ ಶೋಕ ಯಾವ ಮನೆಯಲ್ಲೂ ನಡೆದಿರಲಾರದು. ಕೋಣೆ ತುಂಬ ಜನ ಬಾಯಿಗೆ ಬಟ್ಟೆ ತುರುಕಿಕೊಂಡು, ಒಬ್ಬರ ಹೆಗಲ ಮೇಲೊಬ್ಬರು ಬಿದ್ದು, ಪಿಸುಗುಟ್ಟುತ್ತಾ ಗೋಳಾಡಿದರು. ಕಡೆಗೆ ಬಂದವರು ಮೆಟ್ಟಿಲ ಮೇಲೆ ನಿಂತು ಬಿಕ್ಕಿದರು.

ಇತ್ತ ಟೆರೇಸಿನ ಮೇಲೆ ಲಿನಕ್ಸಪ್ಪ ನೀರಿನ ಟ್ಯಾಂಕಿನ ಹಿಂದೆ ಮಂಡಿಯೂರಿ ನೆಟ್ಟಿನ ಪೆಟ್ಟಿಗೆ ಬಿಚ್ಚಿದ್ದ. ಒಂದೊಂದು ಮನೆಗೆ ಒಂದೊಂದು ತೂತು. ಮಿಕ್ಕೆಲ್ಲ ತೂತುಗಳಲ್ಲಿ ವೈರು ಸಿಕ್ಕಿಸಿದ್ದರೆ, ಮೊದಲೇ ಸಡಿಲವಾಗಿದ್ದ ಇವನ ವೈರು ಕೆಳಗಿನ ಒದರಾಟಕ್ಕೆ ಪೂರ್ತಿ ಜಾರಿ ನೇತಾಡುತ್ತಿತ್ತು. ಇವನ ತೂತಿನ ಬಾಯಿಗೆ ಕಣಜದ ಹುಳವೊಂದು ಮಣ್ಣು ಮೆತ್ತಿ ಅಚ್ಚುಕಟ್ಟಾಗಿ ಮನೆ ಕಟ್ಟುತ್ತಿತ್ತು. ಅದರ ಜೊತೆ ಮಾತುಕತೆ ಸಾಧ್ಯವಿಲ್ಲ ಅನ್ನುವುದು ಮೂಗಿನ ಮೇಲೆ ಕಚ್ಚಿಸಿಕೊಂಡ ಮೇಲೆ ಅವನಿಗೆ ಖಚಿತವಾಯಿತು.

ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಪಿಸುಮಾತು ಕೇಳಿಸಿತು.

"ಹೋಯ್ತಂತೆ."

"ಯಾವಾಗ?"

"ಊಟ ಆದ್ಮೇಲಂತೆ. ಇದ್ದಕ್ಕಿದ್ದ ಹಾಗೆ."

"ಛೆ. ಎಷ್ಟು ಹಾರಾಡ್ತಿದ್ರು ಪಾಪ."

ಲಿನಕ್ಸಪ್ಪನ ಕಿವಿ ಕೆಂಪಾದವು. ತನ್ನ ನೆಟ್ ಹೋದ ಸುದ್ದಿ ಇಡೀ ಕಟ್ಟಡಕ್ಕೆ ಹಬ್ಬಿದೆ! ಬಗ್ಗಿ ನೋಡಿದರೆ ಮೆಟ್ಟಿಲ ತುಂಬ ಜನ. ಕೆಲವರು ನಗು ತಡೆಯಲಾರದೆ ಬಾಯಿಗೆ ಬಟ್ಟೆ ಒತ್ತಿಕೊಂಡಿದ್ದಾರೆ, ಭುಜಗಳು ಕುಲುಕುತ್ತಿವೆ! ಸರಿ ಮಾಡದೆ ಕೆಳಗೆ ಕಾಲಿಟ್ಟರೆ ಈ ಜನ್ಮದಲ್ಲಿ ಮತ್ತೆ ಲಿಫ್ಟ್ ಹತ್ತುವ ಹಾಗಿಲ್ಲ ಅಂದುಕೊಂಡ.

ಅವನ ಕಣ್ಣು ಪಕ್ಕದ ತೂತಿನ ಮೇಲೆ ಬಿತ್ತು. ಅದರ ಕೆಳಗೆ ಸೆಕ್ರೆಟರಿಯ ಮನೆಯ ನಂಬರ್ ಇತ್ತು. ದೀಪ ಹಸಿರಾಗಿ, ಸೊಕ್ಕಿನಿಂದ ಮಿಣುಕುತ್ತಿತ್ತು.

ಲಿನಕ್ಸಪ್ಪ ಮೂಲತಃ ಕೆಟ್ಟವನಲ್ಲ. ಸೆಕ್ರೆಟರಿಯ ವೈರನ್ನು ಕೀಳುವ ಮುಂಚೆ ಅವನು ಆತ್ಮಸಾಕ್ಷಿಯ ಜೊತೆ ಚರ್ಚೆ ಮಾಡಿದ. ಈ ಹೊತ್ತಿನಲ್ಲಿ ಸೆಕ್ರೆಟರಿ ಗೊರಕೆ ಹೊಡೆಯುತ್ತಿರುತ್ತಾನೆ. ಗೊರಕೆಗೆ ನೆಟ್ ಬೇಡ. ಇಲ್ಲಿ ಒಬ್ಬ ಹೆಣ್ಣುಮಗಳ ಕೆಲಸದ ಪ್ರಶ್ನೆ. ಆತ್ಮಸಾಕ್ಷಿ ಹೆಚ್ಚು ವಾದಿಸಲಿಲ್ಲ. ಅವನು ಸೆಕ್ರೆಟರಿಯ ವೈರನ್ನು ಕಿತ್ತು, ಅಲ್ಲಿಗೆ ತನ್ನ ವೈರನ್ನು ಸಿಕ್ಕಿಸಿದ.

ಕೆಳಗೆ, ಶೋಕದ ಕೋಣೆಯಲ್ಲಿ, ಪರದೆ ಒಮ್ಮೆ ಮಿಟುಕಿತು.

*ಯಜಮಾನರಿಂದ ಉತ್ತರ ಬಂದಿದೆ.*

ಪಿಸುಗುಟ್ಟುವ ಅಳು ನಿಂತಿತು.

*ಯಜಮಾನರಿಂದ ಉತ್ತರ ಬಂದಿದೆ.*

"ಮಾಸ್ಟ್ರೇ..." ಅತ್ತೆ ಪರದೆಯ ಕಡೆ ಬೆರಳು ಮಾಡಿದರು. "ಎಲ್ಲಿಂದ?"

ಪೋಸ್ಟ್‌ಮಾಸ್ಟರ ಸುದೀರ್ಘ ಸೇವೆಯಲ್ಲಿ ಆ ಕಡೆಯಿಂದ ಉತ್ತರ ಬಂದದ್ದು ಇದೇ ಮೊದಲು. ಅವರು ಮೆಲ್ಲಗೆ ಕುರ್ಚಿ ಬಿಟ್ಟೆದ್ದು ಗೋಡೆಗೆ ಬೆನ್ನು ಕೊಟ್ಟರು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದು. ಜನರನ್ನು ತಳ್ಳಿಕೊಂಡು ಹೆಂಡತಿ ಒಳಗೆ ನುಗ್ಗಿದಳು. ಕಣ್ಣಲ್ಲಿ ನೀರು.

"ಹೋಯ್ತು! ಎಲ್ಲಾ ಹೋಯ್ತು!"

ಅತ್ತೆ ಮಗಳನ್ನು ತಬ್ಬಿಕೊಂಡರು. "ಯಾರಮ್ಮಾ ಹೇಳಿದ್ದು ನಿಂಗೆ? ಸಮಾಧಾನ ಮಾಡ್ಕೊ ಮಗಳೇ. ಊಟ ಆದ್ಮೇಲೆ ಹೋಯ್ತು, ನಾವೇ ಹೇಳ್ಲಿಲ್ಲ."

"ಊಟ ಆದ್ಮೇಲಾ? ಈಗ ಎರಡು ನಿಮಿಷದ ಹಿಂದೆ ಚೆನ್ನಾಗಿತ್ತಲ್ಲ ಅಮ್ಮಾ! ಅರ್ಧ ಮಾತಾಡಿದ್ದೆ!"

ಹೋದವನ ಜೊತೆ ಈಗಷ್ಟೇ ಮಾತಾಡಿದಳು ಅಂದುಕೊಂಡು ಆಂಟಿ ಬಾಗಿಲ ಕಡೆ ಓಡಿದಳು. ಹೆಂಡತಿ ಯಾರ ಕಡೆಯೂ ನೋಡಲಿಲ್ಲ. ಅವಳಿಗೆ ಕಂಡದ್ದು ಒಂದೇ, ಕಂಪ್ಯೂಟರಿನ ಬುಡದಲ್ಲಿ ಮಿಣುಕುವ ಹಸಿರು ದೀಪ. ಅಮ್ಮನ ಕೈ ಬಿಡಿಸಿಕೊಂಡು, ಕುರ್ಚಿಯಲ್ಲಿ ಕೂತು, ಪಟಪಟನೆ ಒತ್ತಿ ಇಂಟರ್ವ್ಯೂಗೆ ಮತ್ತೆ ಸೇರಿದಳು. ಪರದೆಯಲ್ಲಿ ಮೂವರು ಕಾಣಿಸಿಕೊಂಡರು. ನಡುವೆ ಅಧ್ಯಕ್ಷೆ, ಬಿಗಿ ಮುಖದ ಹೆಂಗಸು.

"ಕ್ಷಮಿಸಿ ಮೇಡಂ, ನೆಟ್ ಹೋಗಿತ್ತು."

"ಇರ್ಲಿ. ಕೇಳ್ತಿದ್ದೆ... ಹಾಸ್ಟೆಲ್ ಅಂದ್ಮೇಲೆ ಅಳು, ಗಲಾಟೆ ಎಲ್ಲಾ ಇರುತ್ತೆ. ಅಂಥ ಹೊತ್ತಲ್ಲಿ ನೀವು ಹೇಗೆ..." ಅಧ್ಯಕ್ಷೆ ಮುಂದಕ್ಕೆ ಬಗ್ಗಿದರು. "ನಿಮ್ಮ ಹಿಂದೆ ಅಷ್ಟೊಂದು ಜನ ಯಾಕಮ್ಮಾ ಅಳ್ತಿದಾರೆ?"

ಹೆಂಡತಿ ತಿರುಗಿ ನೋಡಿದಳು. ಅವಳು ಬಾಯಿ ಬಿಡುವ ಮೊದಲೇ ಪೋಸ್ಟ್‌ಮಾಸ್ಟರು ಅವಳ ಹೆಗಲ ಮೇಲಿಂದ ಕ್ಯಾಮೆರಾಗೆ ಮುಖ ತೂರಿಸಿದರು. ಸಾವಿನ ಸುದ್ದಿ ಮುಟ್ಟಿಸುವ ಹಳೆಯ ದನಿ ತಾನಾಗೇ ಹೊರಟಿತು.

"ಈಕೆಯ ಯಜಮಾನರು ಹೋಗ್ಬಿಟ್ರು. ತಂತಿ ಬಂದಿದೆ."

ಹೆಂಡತಿ ಗಾಬರಿಯಿಂದ ಕುರ್ಚಿ ಬಿಟ್ಟು ಅರ್ಧ ಎದ್ದಳು. ಆಮೇಲೆ ಕಣ್ಣು ಪರದೆಯ ಅಂಚಿನಲ್ಲಿದ್ದ ಕಪ್ಪು ಕಿಟಕಿಗೆ ಹೋಯಿತು. ತಂತಿ ಒಂದು. ಬದುಕುವ ಅವಧಿ. ಹೊರುವವರಿಲ್ಲ. ಆ ಅನುವಾದದ ಜೊತೆ ಸಂಸಾರ ಮಾಡಿದವಳಿಗೆ ಎಲ್ಲವೂ ಒಂದೇ ಏಟಿಗೆ ಅರ್ಥವಾಯಿತು. ಇಲ್ಲ ಮೇಡಂ, ಹಾಗಲ್ಲ ಅಂತ ಹೇಳಲು ತಿರುಗಿದಳು.

ಅಧ್ಯಕ್ಷೆಯ ಬಿಗಿ ಮುಖ ಕರಗಿತ್ತು. "ಗಂಡ ಹೋಗಿದಾರೆ, ಆದ್ರೂ ಬಂದು ಕೂತು, ನೆಟ್ ಹೋಗಿತ್ತು ಕ್ಷಮಿಸಿ ಅಂತೀರಲ್ಲಮ್ಮಾ! ವಾರ್ಡನ್‌ಗೆ ಬೇಕಾಗಿರೋದೇ ಈ ಗಟ್ಟಿತನ. ಇನ್ನೇನು ಕೇಳೋದು ನಿಮ್ಮನ್ನ?" ಅಕ್ಕಪಕ್ಕದವರಿಬ್ಬರೂ ತಲೆಯಾಡಿಸಿ ಏನೋ ಬರೆದುಕೊಂಡರು.

ಹೆಂಡತಿ ತೆರೆದ ಬಾಯಿಯನ್ನು ಹಾಗೇ ಮುಚ್ಚಿದಳು.

ಆಗ ಬಾಗಿಲಲ್ಲಿ ಲಿನಕ್ಸಪ್ಪ ಕಾಣಿಸಿಕೊಂಡ. ತಲೆಯ ಮೇಲೆ ಜೇಡರ ಬಲೆ, ಕುತ್ತಿಗೆಯಲ್ಲಿ ವೈರಿನ ಸುರುಳಿ, ಬದನೆಕಾಯಿಯಂತೆ ಊದಿದ ಮೂಗು.

"ಬಂತಾ?" ಅಂದ, ಗೆದ್ದವನ ದನಿಯಲ್ಲಿ.

ಅತ್ತೆ ಸದ್ದಿಲ್ಲದೆ ಸೋಫಾದ ಮೇಲೆ ಒರಗಿಬಿದ್ದರು. ಸೆಕ್ರೆಟರಿ ಪೋಸ್ಟ್‌ಮಾಸ್ಟರನ್ನು ತಬ್ಬಿಕೊಂಡ. ಯಾರಿಗೂ ಕಿರುಚುವಷ್ಟು ಉಸಿರು ಉಳಿದಿರಲಿಲ್ಲ.

"ಅವರ್ಯಾರಮ್ಮಾ, ವೈರ್ ಹಾಕ್ಕೊಂಡು ನಿಂತಿರೋರು?" ಅಂದರು ಅಧ್ಯಕ್ಷೆ.

ಹೆಂಡತಿ ಗಂಡನನ್ನು ನೋಡಿದಳು. ಪರದೆಯ ಮೇಲಿನ ಮೂವರನ್ನು ನೋಡಿದಳು.

"ನೆಟ್ ರಿಪೇರಿಯವರು ಮೇಡಂ" ಅಂದಳು.

"ಓಹೋ!" ಅಧ್ಯಕ್ಷೆ ಅವನನ್ನೇ ಮಾತಾಡಿಸಿದರು. "ಯಜಮಾನರು ತೀರಿಹೋಗಿರೋ ಮನೆಗೂ ಬಂದು ಇಷ್ಟು ಬೇಗ ಸರಿ ಮಾಡಿ ಕೊಟ್ರಲ್ಲಪ್ಪಾ. ನಮ್ಮ ಕಾಲೇಜಿಗೆ ಬರೋರು ವಾರಗಟ್ಟಲೆ ಸತಾಯಿಸ್ತಾರೆ. ಒಳ್ಳೇ ಕೆಲಸಗಾರರು ನೀವು."

ಲಿನಕ್ಸಪ್ಪ ಸುತ್ತ ನೋಡಿದ. ಅತ್ತ ಕಣ್ಣುಗಳು, ಬಿದ್ದ ಅತ್ತೆ, ಪೋಸ್ಟ್‌ಮಾಸ್ಟರಿಗೆ ಅಂಟಿದ ಸೆಕ್ರೆಟರಿ. ಹೋದವನು ಯಾರು ಅನ್ನುವುದು ನಿಧಾನವಾಗಿ ತಲೆಗೆ ಹೋಯಿತು. ಹೆಂಡತಿಯ ಕಣ್ಣು ಅವನನ್ನು ಸುಡುತ್ತಿತ್ತು. ತಾನು ಬದುಕಿದ್ದೇನೆ ಅನ್ನುವ ಮಾತು ಅವನ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಆದರೆ ಕಂಪ್ಯೂಟರಿನ ವಿಷಯದಲ್ಲಿ ಅವನನ್ನು ಒಬ್ಬರು ಹೊಗಳಿದ್ದು ಅವತ್ತೇ ಮೊದಲು.

ಲಿನಕ್ಸಪ್ಪ ಕ್ಯಾಮೆರಾದ ಕಡೆ ವಿನಯದಿಂದ ಬಗ್ಗಿದ.

"ನನ್ನದೇನಿಲ್ಲ ಮೇಡಂ" ಅಂದ. "ಹೋದವರು ಒಳ್ಳೇ ಸಿಸ್ಟಮ್ ಹಾಕಿಟ್ಟು ಹೋಗಿದಾರೆ. ಲಿನಕ್ಸು."